ಗೋಕಾಕ ಫಾಲ್ಸ್‌ಗೆ ಎಷ್ಟು ನೀರು ಬೇಕು?

ಘಟಪ್ರಭಾ ಹೊಳೆಯ ಹಿಡಕಲ್ ಜಲಾಶಯ ತುಂಬಿದಾಗ 51 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಒಟ್ಟು 1.44 ಲಕ್ಷ ಕೋಟಿ ಲೀಟರ್ ನೀರು ಹುಕ್ಕೇರಿ ತಾಲ್ಲೂಕಿನ ಆ 10 ಕಿ.ಮೀ. ಉದ್ದದ ಒಡ್ಡಿನ ಹಿಂದೆ ನಿಲ್ಲುತ್ತದೆ. ಕಬ್ಬು, ಗೋವಿನಜೋಳ, ಬೆಳಗಾವಿ ನಗರದ ನಲ್ಲಿ, 32 ಮೆಗಾವಾಟ್‌ನ ವಿದ್ಯುತ್ ಘಟಕ ಇವೆಲ್ಲ ಈ ನೀರಿನ ಪಾಲುದಾರರು. ಅದೇ ಹೊಳೆಯಲ್ಲಿ ಒಂದಿಷ್ಟು ಕೆಳಗೆ ಇನ್ನೂ ಇಬ್ಬರಿದ್ದಾರೆ: 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ ಜಲಪಾತ, ಮತ್ತು ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು. ಇವರಿಗೂ ಲೆಕ್ಕ ಹಾಕಿ ನೀರು ಕೊಡಬಹುದು, ಆ ಲೆಕ್ಕ ನಾವು ಅಂಜುವಷ್ಟು ದೊಡ್ಡದಲ್ಲ ಎನ್ನುವುದು ನನ್ನ ವಾದ.

ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, 884 ಮೀಟರ್ ಎತ್ತರದಲ್ಲಿ. ಪಶ್ಚಿಮದ ಕಡಲು ಅಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ತೋರಿಸಿ ಪೂರ್ವಕ್ಕೆ 283 ಕಿ.ಮೀ. ಹರಿದು ಕೃಷ್ಣೆಗೆ ಸೇರುತ್ತದೆ. ಹಿಡಕಲ್ ದಾಟಿದ ಮೇಲೆ ಹಿರಣ್ಯಕೇಶಿ ಕೂಡಿಕೊಳ್ಳುತ್ತದೆ. ಆಮೇಲೆ ಧೂಪದಾಳ. 1876–78ರ ಭೀಕರ ಬರದ ನಂತರದ ದಶಕಗಳಲ್ಲಿ ಬ್ರಿಟಿಷರು ಇಲ್ಲಿ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಇಂದಿನ 109 ಕಿ.ಮೀ. ಉದ್ದದ ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. ಗೋಕಾಕ, ಮೂಡಲಗಿ ಭಾಗದ ಹೊಲಗಳಿಗೆ ನೀರು ಹಾಯುವುದೂ ಅದರಿಂದಲೇ. ಜಲಪಾತ ಇರುವುದು ಈ ಒಡ್ಡಿನ ಕೆಳಗೆ, ಕೆಲವೇ ಕಿಲೋಮೀಟರ್ ದೂರದಲ್ಲಿ. ಹಾಗಾಗಿ ಮಳೆ ನಿಂತ ಮೇಲೆ ಬರುವ ನೀರು ಫಾಲ್ಸ್ ಮುಟ್ಟುವ ಮೊದಲೇ ಕಾಲುವೆಗೆ ತಿರುಗುತ್ತದೆ.

ಜಲಪಾತದಿಂದ ನೀರು ಕಸಿಯುವ ಈ ಒಡ್ಡೇ ಹಕ್ಕಿಗಳಿಗೆ ಮನೆ ಕಟ್ಟಿಕೊಟ್ಟಿದೆ. ಧೂಪದಾಳದ ಹಿನ್ನೀರು, ನಡುಗಡ್ಡೆ, ದಂಡೆಗಳನ್ನು ಒಳಗೊಂಡ ಘಟಪ್ರಭಾ ಪಕ್ಷಿಧಾಮ ಘೋಷಣೆಯಾದದ್ದು 1974ರಲ್ಲಿ, ವಿಸ್ತೀರ್ಣ 29.79 ಚದರ ಕಿ.ಮೀ. ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯ ಡೆಮಾಯ್ಸೆಲ್ ಕ್ರೌಂಚಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಒಂದೊಂದರ ತೂಕ ಎರಡರಿಂದ ಮೂರು ಕಿಲೋ ಅಷ್ಟೇ. ಬೂದು ಮೈ, ಕಪ್ಪು ಕೊರಳು, ಕೊರಳಿನಿಂದ ಎದೆಯ ಮೇಲೆ ಜೋತುಬಿದ್ದ ಕಪ್ಪು ಗರಿ, ಕೆಂಪು ಕಣ್ಣಿನ ಹಿಂದಿನಿಂದ ಕೊರಳಿಗೆ ಇಳಿಬಿದ್ದ ಬಿಳಿ ಗರಿಗಳ ಕುಚ್ಚು. ಹಗಲು ಹೊಲದಲ್ಲಿ ಉದುರಿದ ಕಾಳು ಮೇಯ್ದು, ರಾತ್ರಿ ಮೊಳಕಾಲಿನಷ್ಟು ನೀರಿನಲ್ಲಿ ನಿಂತು ನಿದ್ದೆ ಮಾಡುತ್ತವೆ. ನರಿಯೋ ನಾಯಿಯೋ ಬಂದರೆ ನೀರಿನ ಸಪ್ಪಳವೇ ಎಚ್ಚರಿಸುತ್ತದೆ. ಸುಮಾರು 2 ಮೀಟರ್ ರೆಕ್ಕೆಯಗಲದ ಬಿಳಿ ಕೊಕ್ಕರೆಗಳೂ ಬರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇವುಗಳ ಹಂಗಾಮು. ಫಾಲ್ಸ್ ಹಂಗಾಮು ಜುಲೈಯಿಂದ ಸೆಪ್ಟೆಂಬರ್. ಎರಡನ್ನೂ ಒಂದೇ ಸಲ ನೋಡಬೇಕೆಂದು ಬರುವವರಿಗೆ ಇದೇ ಮೊದಲ ನಿರಾಸೆ.

ಜಲಪಾತದ ಅಂಚು ಕುದುರೆ ಲಾಳದ ಆಕಾರ, ಅಗಲ 177 ಮೀಟರ್. ಹೊಳೆಯಲ್ಲಿ 10,000 ಕ್ಯೂಸೆಕ್ ಹರಿದರೆ ಆ ಅಂಚಿನ ಪ್ರತಿ ಮೀಟರಿಗೆ ಸೆಕೆಂಡಿಗೆ 1,600 ಲೀಟರ್, ಅಂದರೆ 1.6 ಟನ್ ನೀರು ಬೀಳುತ್ತದೆ. ಕೆಮ್ಮಣ್ಣಿನ ಬಣ್ಣದ ನೀರು, ಎದುರು ಮಾತಾಡಿದ್ದು ಕೇಳಿಸದಷ್ಟು ಅಬ್ಬರ. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಹೊಳೆಯ ಬಂಡೆಯಿಂದ 14 ಮೀಟರ್ ಮೇಲೆ ತೂಗುತ್ತದೆ. ಜನವರಿಯಲ್ಲಿ ಅದೇ ಸೇತುವೆಯಿಂದ ಬಗ್ಗಿದರೆ ನೀರು ಕೊರೆದ ಕುಳಿಗಳು, ಒಣಗಿದ ಪಾಚಿಯ ಗೆರೆ, ಬಂಡೆಯ ಸಂದಿಯಲ್ಲಿ ಹರಿಯುವ ಒಂದೆರಡು ಎಳೆ ನೀರು ಕಾಣುತ್ತವೆ.

ಈ ನೀರಿಗೆ ಬೆಲೆ ಕಟ್ಟಿದ್ದು ಇಂದು ನಿನ್ನೆಯಲ್ಲ. 1887ರಲ್ಲೇ ಜಲಪಾತದ ಬಲವನ್ನು ಗೋಕಾಕ ಮಿಲ್ಲಿಗಾಗಿ ಬಳಸಿದ್ದರು. 52 ಮೀಟರ್ ಬೀಳುವ ಒಂದು ಕ್ಯೂಸೆಕ್ ನೀರಿನಲ್ಲಿ 14 ಕಿಲೋವಾಟ್‌ಗೂ ಹೆಚ್ಚಿನ ಶಕ್ತಿ ಇದೆ. ಗಿರಣಿಯವರಿಗೆ ಈ ಲೆಕ್ಕ ಗೊತ್ತಿತ್ತು. ಈಗ ನೋಡುಗರ ಪಾಲಿನ ಲೆಕ್ಕ ಹಾಕೋಣ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ 20 ಭಾನುವಾರ, ದಿನಕ್ಕೆ 8 ತಾಸು, 500 ಕ್ಯೂಸೆಕ್ ನೀರು ಧೂಪದಾಳ ದಾಟಿ ಬಿಟ್ಟರೆಂದು ಇಟ್ಟುಕೊಳ್ಳಿ. ಒಂದು ಭಾನುವಾರಕ್ಕೆ 40.8 ಕೋಟಿ ಲೀಟರ್, ಇಪ್ಪತ್ತಕ್ಕೆ 0.29 ಟಿಎಂಸಿ. ಹಿಡಕಲ್ ಸಾಮರ್ಥ್ಯದ ಶೇ 0.6ಕ್ಕಿಂತ ಕಡಿಮೆ. ಲಾಳ ಪೂರ್ತಿ ತುಂಬುವುದಿಲ್ಲ, ಆದರೆ ಕರಿಬಂಡೆಯ ಮೇಲೆ ಬಿಳಿ ಧಾರೆಗಳು ಮೂಡುತ್ತವೆ.

ಈ ಪ್ರಮಾಣವನ್ನು ಹಗುರಾಗಿ ತಗೊಳ್ಳುವಂತಿಲ್ಲ. ಕಬ್ಬಿಗೆ ವರ್ಷಕ್ಕೆ ಹೆಚ್ಚುಕಮ್ಮಿ 2,000 ಮಿ.ಮೀ. ನೀರು ಬೇಕು, ಎಕರೆಗೆ 81 ಲಕ್ಷ ಲೀಟರ್. ಮಳೆಯ ಪಾಲು, ಕಾಲುವೆಯ ಸೋರಿಕೆ ಎರಡನ್ನೂ ಬದಿಗಿಟ್ಟು ಒರಟಾಗಿ ಭಾಗಿಸಿದರೆ 0.29 ಟಿಎಂಸಿ ಎಂದರೆ ಸುಮಾರು 1,000 ಎಕರೆ ಕಬ್ಬು. ಎಕರೆಗೆ 40 ಟನ್ ಹಿಡಿದರೆ 40,000 ಟನ್. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಸರ್ಕಾರ 3,300ಕ್ಕೆ ಒಪ್ಪಿತು. ಆ ದರದಲ್ಲಿ 13.2 ಕೋಟಿ ರೂಪಾಯಿ. ಒಂದು ಭಾನುವಾರಕ್ಕೆ 66 ಲಕ್ಷ. ನೂರಿನ್ನೂರು ರೂಪಾಯಿಗೆ ದಿನಗಟ್ಟಲೆ ಬೀದಿಯಲ್ಲಿ ಕೂರುವ ರೈತನ ಮುಂದೆ ನಿಂತು ಈ ಅಂಕಿಯನ್ನು ಯಾರೂ ಸುಮ್ಮನೆ ಹೇಳಲಾರರು, ನಾನೂ ಹೇಳುವುದಿಲ್ಲ.

ಆದರೆ ಫಾಲ್ಸ್‌ನಿಂದ ಬಿದ್ದ ನೀರು ಎಲ್ಲಿಗೂ ಆವಿಯಾಗಿ ಹೋಗುವುದಿಲ್ಲ. ಕೆಳಗೆ ಹೊಳೆಯುದ್ದಕ್ಕೂ ಬಾಂದಾರಗಳಿವೆ, ದಂಡೆಯ ಮೇಲೆ ಪಂಪ್‌ಸೆಟ್‌ಗಳಿವೆ, ಬೇಸಿಗೆಯಲ್ಲಿ ಆ ಊರುಗಳವರೇ ಹೊಳೆಗೆ ನೀರು ಬಿಡಿ ಎಂದು ಕೇಳುತ್ತಾರೆ. ಹೇಗೂ ಬಿಡಬೇಕಾದ ಆ ನೀರನ್ನೇ ದಿನ, ತಾಸು ನಿಗದಿ ಮಾಡಿ ಭಾನುವಾರ ಹಗಲು ಬಿಟ್ಟರೆ 13.2 ಕೋಟಿಯ ಬಹುಭಾಗ ನಷ್ಟದ ಪಟ್ಟಿಯಿಂದಲೇ ಹೊರಗೆ ಬರುತ್ತದೆ. ಹಕ್ಕಿಗಳಿಗಾಗಿ ಒಂದೇ ಷರತ್ತು: ಧೂಪದಾಳದ ಮಟ್ಟ ದಿಢೀರನೆ ಏರಿಳಿಯಬಾರದು. ಬಿಟ್ಟಷ್ಟು ನೀರು ಹಿಡಕಲ್‌ನಿಂದ ಮುಂಚಿತವಾಗಿಯೇ ಹೊರಟಿರಬೇಕು, ಇಲ್ಲವಾದರೆ ಕ್ರೌಂಚಗಳು ನಿಲ್ಲುವ ತೆಳುನೀರು ಒಣಗುತ್ತದೆ, ಇಲ್ಲವೇ ಮುಳುಗುತ್ತದೆ.

ಗೋಕಾಕವನ್ನು ಭಾರತದ ನಯಾಗರ ಎಂದು ಹೊಗಳುವವರು ಬಹಳ. ಆ ನಯಾಗರದಲ್ಲಿ ಅಮೆರಿಕ, ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡು, ಪ್ರವಾಸಿ ಹಂಗಾಮಿನ ಹಗಲಿನಲ್ಲಿ 1,00,000 ಕ್ಯೂಸೆಕ್, ಉಳಿದ ಹೊತ್ತು 50,000 ಕ್ಯೂಸೆಕ್ ಜಲಪಾತಕ್ಕೇ ಎಂದು ಬರೆದಿಟ್ಟವು. ಉಳಿದದ್ದು ವಿದ್ಯುತ್ತಿಗೆ. ಎರಡೂ ಕೆಲಸ ನಡೆದಿದೆ.

ಹತ್ತಿರದ ಗೊಡಚಿನಮಲ್ಕಿ ಜಲಪಾತದ್ದೂ ಗೋಕಾಕದ್ದೇ ಕಥೆ, ಅಳತೆ ಮಾತ್ರ ಚಿಕ್ಕದು. ಮಾರ್ಕಂಡೇಯ ಹೊಳೆ ಅಲ್ಲಿ ಕಾಡಿನ ನಡುವೆ ಮೊದಲು 25 ಮೀಟರ್, ಆಮೇಲೆ 18 ಮೀಟರ್ ಎಂದು ಎರಡು ಹಂತದಲ್ಲಿ ಇಳಿಯುತ್ತದೆ. ಮೇಲಿನ ಶಿರೂರ ಜಲಾಶಯದ ಸಾಮರ್ಥ್ಯ 3.69 ಟಿಎಂಸಿ. ಹಿಂಗಾರಿಗೆ ಯಾವ ಕಾಲುವೆಗೆ ಯಾವಾಗ ನೀರು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಭೆಯ ಟಿಪ್ಪಣಿಯಲ್ಲೇ ಈ ಎರಡು ಜಲಪಾತಗಳಿಗೂ ಒಂದೊಂದು ಸಾಲು ಸೇರಬೇಕು: ಎಷ್ಟು ಕ್ಯೂಸೆಕ್, ಯಾವ ದಿನ, ಎಷ್ಟು ತಾಸು.