ಹಂದಿಗೋಡು ಕಾಯಿಲೆ

ಕೀಲುನೋವು ಮುಪ್ಪಿನ ಒಡನಾಡಿಯೆಂಬುದು ರೂಢಿಯ ಮಾತು. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಬೆಳಕಿಗೆ ಬಂದ ರೋಗವು ಮಕ್ಕಳನ್ನೂ ಹರೆಯದವರನ್ನೂ ಹಿಡಿಯುವಂತಹುದು. ಮೊದಲು ಸೊಂಟದ ಕೀಲಿನಲ್ಲಿ ನೋವು, ಬಳಿಕ ಕುಂಟುನಡಿಗೆ, ಕೆಲವರಲ್ಲಿ ಕುಳ್ಳುತನ, ಕಡೆಗೆ ಊರುಗೋಲಿಲ್ಲದೆ ನಡೆಯಲಾಗದ ಸ್ಥಿತಿ.

ಇದಕ್ಕೆ ಕಾರಣವೇನು? ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ತಿಂದುದೇ ಕಾರಣವಿರಬೇಕೆಂದು ಮೊದಲು ಶಂಕಿಸಲಾಯಿತು. ಆದರೆ ಕುಟುಂಬಗಳ ವಂಶಾವಳಿಯನ್ನು ಬರೆದು ನೋಡಿದಾಗ ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದು ಗೋಚರವಾಯಿತು. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಇದು ಅಂಟುರೋಗವಲ್ಲ, ರೋಗಿಗಳಿಂದ ದೂರ ಸರಿಯುವುದಕ್ಕೆ ಯಾವ ಆಧಾರವೂ ಇಲ್ಲ.

ರೋಗವನ್ನು ಗುರುತಿಸಲು ವೈದ್ಯನಿಗೆ ಎರಡು ಸಾಧನಗಳು ಮುಖ್ಯ: ಮನೆತನದ ವಿವರ ಮತ್ತು ಕ್ಷ-ಕಿರಣದ ಚಿತ್ರ. ಆರೋಗ್ಯವಂತರಲ್ಲಿ ತೊಡೆಯೆಲುಬಿನ ದುಂಡನೆಯ ತಲೆಯು ಸೊಂಟದ ಬಟ್ಟಲಿನಲ್ಲಿ ಸರಾಗವಾಗಿ ತಿರುಗುತ್ತದೆ. ಈ ರೋಗದಲ್ಲಿ ಎಲುಬಿನ ತುದಿಯ ಬೆಳವಣಿಗೆಯೇ ಕೆಟ್ಟು, ಆ ತಲೆ ಚಪ್ಪಟೆಯಾಗಿ, ಕೀಲಿನ ನಡುವಣ ಎಡೆ ಕಿರಿದಾಗಿರುವುದು ಚಿತ್ರದಲ್ಲಿ ಕಾಣುತ್ತದೆ.

ಆಕಾರ ಕೆಟ್ಟರೆ ಆಗುವ ಹಾನಿಯನ್ನು ತಕ್ಕಡಿಯ ತತ್ತ್ವದಿಂದ ತಿಳಿಯಬಹುದು. ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ನಾವು ಕ್ಷಣಕಾಲ ಒಂಟಿಕಾಲಿನ ಮೇಲಿರುತ್ತೇವೆ. ಆಗ ಕೀಲಿನ ಒಂದು ಮಗ್ಗುಲಿಗೆ ದೇಹದ ಭಾರ, ಇನ್ನೊಂದು ಮಗ್ಗುಲಿಗೆ ಸ್ನಾಯುವಿನ ಎಳೆತ. ಸ್ನಾಯುವಿನ ಕಡೆಯ ತೋಳು ಗಿಡ್ಡವಾದುದರಿಂದ ಅದು ದೇಹದ ಭಾರಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕು. ಎರಡೂ ಕೂಡಿ ಕೀಲಿನ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. 40 ಕಿಲೋಗ್ರಾಂ ತೂಕದ ಹುಡುಗನಿಗೆ 100ಕ್ಕೂ ಹೆಚ್ಚು. ದುಂಡನೆಯ ತಲೆಯಲ್ಲಿ ಈ ಭಾರ ಹರಡಿಕೊಳ್ಳುತ್ತದೆ. ವಿಕಾರಗೊಂಡ ತಲೆಯಲ್ಲಿ ಅದು ಕೆಲವೇ ಸ್ಥಳಗಳಲ್ಲಿ ಒತ್ತಿ, ಮೃದ್ವಸ್ಥಿಯನ್ನು ಸವೆಸುತ್ತದೆ.

ರೋಗದ ಮೂಲವನ್ನು ನೀಗಿಸುವ ಔಷಧವಿಲ್ಲ. ಆದರೆ ಭಾರವನ್ನು ಇಳಿಸಬಹುದು. ನೋಯುವ ಕೀಲಿನ ಎದುರು ಕೈಯಲ್ಲಿ ಕೋಲು ಹಿಡಿದರೆ ಸ್ನಾಯುವಿನ ಎಳೆತ ಬಹಳಷ್ಟು ಕಡಿಮೆಯಾಗುತ್ತದೆ. ತೂಕದ ಹಿಡಿತ, ತಕ್ಕ ವ್ಯಾಯಾಮ, ನೋವುಶಾಮಕಗಳು ನೆರವಾಗುತ್ತವೆ. ಕೀಲು ತೀರ ಸವೆದಾಗ ಕೃತಕ ಕೀಲನ್ನು ಜೋಡಿಸಬಹುದು. ಅದೂ ಕಾಲಕ್ರಮದಲ್ಲಿ ಸವೆಯುವಂತಹುದಾದುದರಿಂದ ಎಳೆಯರಲ್ಲಿ ವೈದ್ಯರು ಸಾಧ್ಯವಿದ್ದಷ್ಟು ಕಾಯುತ್ತಾರೆ. ಆದುದರಿಂದ ಮಗುವಿನ ಕುಂಟುನಡಿಗೆ ಕೆಲವು ದಿನಗಳಲ್ಲಿ ಮಾಯವಾಗದಿದ್ದರೆ, ಎಣ್ಣೆ ತಿಕ್ಕಿ ಸುಮ್ಮನಾಗದೆ ವೈದ್ಯರಿಗೆ ತೋರಿಸುವುದು ಹಿರಿಯರ ಕರ್ತವ್ಯ.