ಗೃಹೋದ್ಯಮಕ್ಕೆ ಅಂತರಜಾಲದಲ್ಲಿ ಹೆಸರೇ ಬಂಡವಾಳ

ಸಾಗರ, ಶಿರಸಿ ಕಡೆಯ ಮನೆಗಳಲ್ಲಿ ತಯಾರಾಗುವ ಅಪ್ಪೆಮಿಡಿ ಉಪ್ಪಿನಕಾಯಿ ಇಂದು ಅಂತರಜಾಲದ ಮೂಲಕ ದೂರದ ಊರುಗಳನ್ನೂ ತಲುಪುತ್ತಿದೆ. ಅಲ್ಲಿ ಗ್ರಾಹಕರಿಗೆ ಅಂಗಡಿ ಕಾಣದು, ರುಚಿ ತಿಳಿಯದು. ಅವರು ನಂಬುವುದು ಹೆಸರನ್ನೇ. ಆದರೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂಬುದು ಸರಕಿನ ವರ್ಣನೆಯೇ ಹೊರತು ಒಬ್ಬರ ಸ್ವತ್ತಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯನ್ವಯ ಕೇವಲ ವರ್ಣನೆಯ ಪದಗಳಿಗೆ ಸಾಮಾನ್ಯವಾಗಿ ನೋಂದಣಿ ದೊರೆಯದು. ಡೊಮೈನ್ ಹೆಸರು ಕೊಂಡ ಮಾತ್ರಕ್ಕೂ ಆ ಹಕ್ಕು ಬಾರದು.

ಆದುದರಿಂದ ವಿಶಿಷ್ಟ ಹೆಸರನ್ನು ಆರಿಸಿ, ಅದು ಈಗಾಗಲೇ ಅನ್ಯರದಾಗಿದೆಯೇ ಎಂದು ಟ್ರೇಡ್ ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಪರಿಶೀಲಿಸಿ, ಬಳಿಕವೇ ಲೇಬಲ್ ಮುದ್ರಿಸುವುದು ಲೇಸು. ಉಪ್ಪಿನಕಾಯಿ 29ನೆಯ ವರ್ಗಕ್ಕೆ ಸೇರುತ್ತದೆ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ವರ್ಗವೊಂದಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂ.; ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಣ. ವರ್ಷಗಳ ದುಡಿಮೆಯಿಂದ ಗಳಿಸಿದ ಹೆಸರು ಪರರ ಪಾಲಾದರೆ, ಗ್ರಾಹಕರೂ ಅದರ ಹಿಂದೆಯೇ ಹೋಗುತ್ತಾರೆ.