ಸೂರು ಮತ್ತು ಸಕಾಲದ ಹಣ
ಮಹಿಳಾ ಸಂಘಟನೆಗಳ ವಸತಿ ಸೇವೆಗೆ ಒಂದು ವರ್ಷದ ಲೆಕ್ಕಾಚಾರ

ತೆಂಗಿನ ಸೀಮೆಯಲ್ಲಿ ಮನೆಯೆಂಬುದು ವಾಸದ ಸ್ಥಳವಾಗಿರುವಷ್ಟೇ ಉಗ್ರಾಣವೂ ಆಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತ ಕುಟುಂಬಗಳು ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಕಾಯುತ್ತವೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವುದು ಆ ಕಾಯುವಿಕೆಯಿಂದಲೇ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೆ ದೇಶದಾದ್ಯಂತ ಹೆಸರು ತಂದುಕೊಟ್ಟ ಸರಕು ಸಿದ್ಧವಾಗುವ ಕಾರ್ಖಾನೆ ಎಂದರೆ ಸಂಪಿಗೆ, ಬಾಣಸಂದ್ರ, ಕಿಬ್ಬನಹಳ್ಳಿಗಳಂತಹ ಊರುಗಳ ಮನೆಯ ಅಟ್ಟ.

ಕಾಯುವ ಶಕ್ತಿಗೆ ಬೆಲೆಯೆಷ್ಟು ಎಂಬುದನ್ನು ವರ್ತಕ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ ರೂ. 11,750 ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. 2025ರಲ್ಲಿ ಬೆಂಬಲ ಬೆಲೆ ರೂ. 12,100 ಆಗಿದ್ದು, ಮಾರುಕಟ್ಟೆ ದರ ಅದರ ಎರಡರಷ್ಟನ್ನೂ ದಾಟಿತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡಿದ್ದವರಿಗೆ ಈ ಏರಿಕೆಯ ಫಲ ದೊರೆಯಿತು. ಗಂಡನ ಮರಣಾನಂತರ ಪಾಲಿಗೆ ಬಂದ ಹತ್ತಿಪ್ಪತ್ತು ಮರಗಳನ್ನು ನಂಬಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮಕ್ಕಳೊಂದಿಗೆ ಇರುವ ಮಹಿಳೆಗೆ ಆ ಫಲ ದೊರೆಯಲಾರದು. ಆಕೆಗೆ ಅಟ್ಟವಿಲ್ಲ, ಕಾಯಿ ಇಳಿಸಿದ ದಿನವೇ ಮಾರಬೇಕು. ವಸತಿಯ ಪ್ರಶ್ನೆಯನ್ನು ವಾಣಿಜ್ಯ ಪತ್ರಿಕೆಯೊಂದು ಕೈಗೆತ್ತಿಕೊಳ್ಳಲು ಈ ಒಂದು ಕಾರಣವೇ ಸಾಕು.

ಎರಡನೆಯ ಕಾರಣವೂ ಉಂಟು. ತೆಂಗಿನಪುಡಿ ಕಾರ್ಖಾನೆಗಳಲ್ಲಿ ತಿರುಳಿನ ಕಂದು ಸಿಪ್ಪೆ ಹೆರೆಯುವವರಲ್ಲಿ, ಮಂಡಿಗಳಲ್ಲಿ ಕೊಬ್ಬರಿ ಆರಿಸುವವರಲ್ಲಿ, ನಾರಿನ ಘಟಕಗಳಲ್ಲಿ ದುಡಿಯುವವರಲ್ಲಿ ಮಹಿಳೆಯರು ಬಹುಸಂಖ್ಯೆಯಲ್ಲಿದ್ದಾರೆ. ಇವರ ಪೈಕಿ ಕೆಲವರಿಗೆ ಸ್ವಂತ ಸೂರು ಬೇಕು; ಹಳ್ಳಿಯಿಂದ ಪಟ್ಟಣಕ್ಕೆ ಬಂದ ಒಂಟಿ ಯುವತಿಯರಿಗೆ ಸುರಕ್ಷಿತವಾದ ಒಂದು ಹಾಸಿಗೆಯಷ್ಟು ಸ್ಥಳ ಬೇಕು; ಮನೆಯಿಂದ ಹೊರದೂಡಲ್ಪಟ್ಟವರಿಗೆ ಆ ರಾತ್ರಿಯೇ ಆಶ್ರಯ ಬೇಕು. ಮೂರೂ ಬಗೆಯವರು ಕೊನೆಗೆ ಬಾಗಿಲು ತಟ್ಟುವುದು ಊರಿನ ಮಹಿಳಾ ಸಂಘಟನೆಗಳದ್ದೇ. ಇಂತಹ ಸಂಘಟನೆಗಳ ಜಮಾ-ಖರ್ಚಿನ ಪಟ್ಟಿಯನ್ನು ತಿಂಗಳುವಾರು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೊರತೆ ಇರುವುದು ಹಣದ ಮೊತ್ತದಲ್ಲಿ ಎನ್ನುವುದಕ್ಕಿಂತ ಹಣ ಬೇಕಾದ ದಿನಕ್ಕೂ ಹಣ ಬರುವ ದಿನಕ್ಕೂ ನಡುವಿನ ಅಂತರದಲ್ಲಿ.

ಸೊಲ್ಲಾಪುರದ ನಿದರ್ಶನ

ಕನ್ನಡ ಮಾತನಾಡುವ ಜನ ಗಣನೀಯ ಸಂಖ್ಯೆಯಲ್ಲಿರುವ ಗಡಿ ಜಿಲ್ಲೆ ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಮಹಿಳೆಯರು ತಮ್ಮದೇ ಸಹಕಾರಿ ಗೃಹ ನಿರ್ಮಾಣ ಸಂಘವನ್ನು ಕಟ್ಟಿಕೊಂಡರು. ಗೋದೂತಾಯಿ ಪರುಳೇಕರ್ ಅವರ ಹೆಸರಿನ ಈ ಸಂಘ ನಗರದ ಹೊರವಲಯದ ಕುಂಭಾರಿಯಲ್ಲಿ ಸುಮಾರು 10,000 ಮನೆಗಳ ಬಡಾವಣೆಯನ್ನು ನಿರ್ಮಿಸಿತು. 2006ರ ಸೆಪ್ಟೆಂಬರಿನಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಮನೆಗಳನ್ನು ಹಸ್ತಾಂತರಿಸಿದರು. ಮನೆಯೊಂದಕ್ಕೆ ತಗುಲಿದ ಸುಮಾರು ರೂ. 60,000ದಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಕಾರ್ಮಿಕ ಮಹಿಳೆ ತಲಾ ಮೂರನೆಯ ಒಂದು ಪಾಲನ್ನು ಭರಿಸಿದರು. ಅದೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಕೈಗೊಂಡ ರೇನಗರ ಯೋಜನೆಯ ಮೊದಲ ಹಂತದ 15,000 ಮನೆಗಳು 2024ರ ಜನವರಿಯಲ್ಲಿ ಹಸ್ತಾಂತರಗೊಂಡವು.

ಕಾರ್ಮಿಕ ಸಂಘಟನೆಯ ನೇತೃತ್ವದಲ್ಲಿ ನಡೆದ ಕೆಲಸವೆಂಬ ಕಾರಣಕ್ಕೆ ವಾಣಿಜ್ಯ ವಲಯದಲ್ಲಿ ಇದರ ಅಧ್ಯಯನ ಸಾಲದು. ಅದು ನಷ್ಟವೇ ಸರಿ. ಬೀಡಿ ಕಟ್ಟುವುದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಎಲೆ, ತಂಬಾಕು ಮನೆಗೆ ಬರುತ್ತದೆ, ಕಟ್ಟಿದ ಬೀಡಿ ಮನೆಯಿಂದ ಹೋಗುತ್ತದೆ. ಸೋರುವ ಛಾವಣಿಯ ಕೆಳಗೆ ಎಲೆಯೂ ಕೆಡುತ್ತದೆ, ಕೂಲಿಯೂ ಕೆಡುತ್ತದೆ. ತೆಂಗಿನ ಸೀಮೆಯ ಅಟ್ಟಕ್ಕೂ ಸೊಲ್ಲಾಪುರದ ನಡುಮನೆಗೂ ಈ ಅರ್ಥದಲ್ಲಿ ವ್ಯತ್ಯಾಸವಿಲ್ಲ: ಎರಡೂ ಉತ್ಪಾದಕ ಆಸ್ತಿಗಳು.

ಸೇವಾ ಬ್ಯಾಂಕಿನ ಪಾಠ

ಮನೆಯ ಹಣಕಾಸಿನ ವಿಷಯಕ್ಕೆ ಬಂದರೆ ಅಹಮದಾಬಾದಿನ ಸೇವಾ ಸಂಸ್ಥೆಯ ಅನುಭವ ಹೆಚ್ಚು ಉಪಯುಕ್ತ. ಇಳಾ ಭಟ್ ಅವರು 1972ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಈ ಸಂಘವನ್ನು ಸ್ಥಾಪಿಸಿದರು. 1974ರಲ್ಲಿ 4,000 ಮಹಿಳೆಯರು ತಲಾ ರೂ. 10ರ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ರುಜು ಹಾಕಲು ಬಾರದ ಖಾತೆದಾರರಿಗೆ ಭಾವಚಿತ್ರವೇ ಗುರುತಾಯಿತು. ವ್ಯಾಪಾರಕ್ಕೆಂದು ಆರಂಭವಾದ ಬ್ಯಾಂಕಿನ ಸಾಲದಲ್ಲಿ ದೊಡ್ಡ ಪಾಲು ಮನೆಯ ದುರಸ್ತಿಗೆ, ಹೆಚ್ಚುವರಿ ಕೋಣೆಗೆ, ನೆಲಗಾರೆಗೆ ಹೋಗುತ್ತಿರುವುದು ಕ್ರಮೇಣ ಗೋಚರಿಸಿತು. ಸಾಲದ ಹಣ ಬೇರೆ ಉದ್ದೇಶಕ್ಕೆ ಹೋಯಿತೆಂದು ಸಾಮಾನ್ಯ ಬ್ಯಾಂಕರು ಆಕ್ಷೇಪಿಸುತ್ತಿದ್ದರೇನೋ. ಸೇವಾ ಅದನ್ನು ಬಂಡವಾಳ ಹೂಡಿಕೆಯೆಂದೇ ಪರಿಗಣಿಸಿ 1994ರಲ್ಲಿ ಮಹಿಳಾ ವಸತಿಗಾಗಿ ಪ್ರತ್ಯೇಕ ಟ್ರಸ್ಟನ್ನು ರಚಿಸಿತು.

ಅಹಮದಾಬಾದ್ ನಗರಪಾಲಿಕೆ 1995ರಲ್ಲಿ ಆರಂಭಿಸಿದ ಕೊಳೆಗೇರಿ ಸುಧಾರಣಾ ಯೋಜನೆಯಲ್ಲಿ ನೀರು, ಒಳಚರಂಡಿ, ಶೌಚಾಲಯದ ಸಂಪರ್ಕಕ್ಕೆ ಪ್ರತಿ ಕುಟುಂಬ ರೂ. 2,000 ಮುಂಗಡವಾಗಿ ಕಟ್ಟಬೇಕಿತ್ತು. ದಿನಗೂಲಿಯವರಿಗೆ ಅದು ಒಮ್ಮೆಲೇ ಹೊಂದಿಸಲಾಗದ ಮೊತ್ತ. ಸೇವಾ ಬ್ಯಾಂಕು ಉಳಿತಾಯ ಖಾತೆ ಹಾಗೂ ಸಣ್ಣ ಸಾಲಗಳ ಮೂಲಕ ಆ ಕಂದಕವನ್ನು ತುಂಬಿತು. ಯೋಜನೆಯ ಮೊದಲ ಪ್ರಯೋಗ ನಡೆದ ಸಂಜಯನಗರದ 181 ಕುಟುಂಬಗಳ ಬಡಾವಣೆಯಲ್ಲಿ ಉದ್ಯಮದ ಪಾಲನ್ನು ಭರಿಸಿದ್ದು ಅರವಿಂದ್ ಮಿಲ್ಸ್ ತನ್ನ ಟ್ರಸ್ಟಿನ ಮುಖಾಂತರ. ನಗರಪಾಲಿಕೆ ಹಕ್ಕುಪತ್ರ ಕೊಡಲಿಲ್ಲ; ಹತ್ತು ವರ್ಷ ತೆರವುಗೊಳಿಸುವುದಿಲ್ಲವೆಂಬ ಭರವಸೆ ಮಾತ್ರ ಕೊಟ್ಟಿತು. ಕುಟುಂಬಗಳು ತಮ್ಮ ಪಾಲಿನ ಹಣ ಕಟ್ಟಲು ಅಷ್ಟು ಸಾಕಾಯಿತು.

ನಮ್ಮಲ್ಲಿನ ಕಂತುಗಳು

ಕರ್ನಾಟಕದಲ್ಲಿ ಗ್ರಾಮೀಣ ವಸತಿ ಯೋಜನೆಗಳ ಅನುಷ್ಠಾನ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಹೊಣೆ. ಮಾಜಿ ಸೈನಿಕರು, ವಿಧುರರು ಮುಂತಾದ ಕೆಲವು ವರ್ಗಗಳನ್ನು ಬಿಟ್ಟರೆ ಮನೆ ಮಂಜೂರಾಗುವುದು ಮಹಿಳೆಯ ಹೆಸರಿಗೆ. ಈ ನಿಯಮ ಶ್ಲಾಘನೀಯ. ಆದರೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿದಂತೆ ಭಾವಚಿತ್ರ ದಾಖಲಾಗಿ ಹಣ ಬಿಡುಗಡೆಯಾಗುವ ಪದ್ಧತಿಯಲ್ಲಿ ಕೆಲಸ ಮೊದಲು, ಹಣ ಆಮೇಲೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ರೂ. 1,20,000 ನೆರವು ನಿಗದಿಯಾಗಿತ್ತು. ಇಂದಿನ ಕಬ್ಬಿಣ, ಸಿಮೆಂಟು, ಗಾರೆ ಕೂಲಿಯ ದರದಲ್ಲಿ ಅಷ್ಟರಲ್ಲೇ ಮನೆ ಮುಗಿಯುವುದಿಲ್ಲ ಎಂಬುದು ಬೇರೆ ಮಾತು.

ಗಂಡು ದಿಕ್ಕಿರುವ ಮನೆಯವರು ಮಂಡಿಯಲ್ಲಿ ಮುಂಗಡ ಪಡೆದೋ ಕೈಗಡ ತಂದೋ ಮುಂದಿನ ಹಂತಕ್ಕೆ ಹೋಗುತ್ತಾರೆ. ಬರಲಿರುವ ಕೊಬ್ಬರಿಯ ಮೇಲೆ ಮುಂಗಡ ಕೊಡುವುದು ಈ ಸೀಮೆಯ ಮಂಡಿಗಳಿಗೆ ಹೊಸದೇನಲ್ಲ. ಒಂಟಿ ಮಹಿಳೆಗೆ ಅಂತಹ ಪತ್ತು ಹುಟ್ಟುವುದಿಲ್ಲ. ಮಂಜೂರಾದ ಮನೆ ಲಿಂಟಲ್ ಮಟ್ಟದಲ್ಲಿ ನಿಂತು, ಗೋಡೆಯ ಮೇಲೆ ಹುಲ್ಲು ಬೆಳೆಯುವುದಕ್ಕೆ ಮುಖ್ಯ ಕಾರಣ ಇದು. ಇಲ್ಲಿ ಬೇಕಿರುವುದು ದಾನವಲ್ಲ; ಸರ್ಕಾರದಿಂದ ಬರಲಿರುವ ಹಣದ ಮೇಲೆ ಎರಡು ಮೂರು ತಿಂಗಳ ಮುಂಗಡ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳು ಉಳಿತಾಯದ ಶಿಸ್ತನ್ನು ಕಲಿಸಿವೆ. ಅವುಗಳ ಒಕ್ಕೂಟದ ಜೊತೆಗೆ ಸೌಹಾರ್ದ ಸಹಕಾರಿಯೊಂದು ನಿಂತರೆ ಈ ಮುಂಗಡ ಕೊಡುವುದು ಅಸಾಧ್ಯವೇನಲ್ಲ. ವಂತಿಗೆಯಲ್ಲಿ ನಡೆಯುವ ಟ್ರಸ್ಟು ತಾನೇ ಸಾಲ ಕೊಡಲು ಹೋಗದಿರುವುದು ಲೇಸು. ಕಾನೂನಿನ ತೊಡಕುಗಳು ಹಲವು.

ಹಾಸಿಗೆಯ ಲೆಕ್ಕ

ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯಗಳಿಗೆ ಕೇಂದ್ರ ಸರ್ಕಾರದ ನೆರವು 1972-73ರಿಂದ ಇದೆ. 2022ರ ಮಿಷನ್ ಶಕ್ತಿ ಮಾರ್ಗಸೂಚಿಯ ನಂತರ ಇದಕ್ಕೆ ಸಖಿ ನಿವಾಸ ಎಂಬ ಹೆಸರು ಬಂದಿದೆ. ಮೊದಲಿನಿಂದ ಬಂದ ಮಾರ್ಗಸೂಚಿಯ ಪ್ರಕಾರ ಒಂಟಿ ಕೋಣೆಗೆ ನಿವಾಸಿಯ ಒಟ್ಟು ಸಂಬಳದ ಶೇ. 15, ಇಬ್ಬರ ಕೋಣೆಗೆ ಶೇ. 10, ಹಲವರು ಮಲಗುವ ಹಜಾರಕ್ಕೆ ಶೇ. 7.5ಕ್ಕಿಂತ ಹೆಚ್ಚು ಬಾಡಿಗೆ ಪಡೆಯುವಂತಿಲ್ಲ. ಉದಾಹರಣೆಗಾಗಿ, ತಿಂಗಳಿಗೆ ರೂ. 12,000 ಸಂಪಾದಿಸುವ 30 ಮಹಿಳೆಯರು ಹಜಾರದಲ್ಲಿದ್ದರೆ ತಲಾ ರೂ. 900ರಂತೆ ಬರುವುದು ರೂ. 27,000. ಐದು ಹಾಸಿಗೆ ಖಾಲಿಯಾದರೆ ರೂ. 22,500. ಒಬ್ಬ ಮೇಲ್ವಿಚಾರಕಿ, ಒಬ್ಬ ರಾತ್ರಿ ಕಾವಲುಗಾರರ ಸಂಬಳ ಕೊಟ್ಟರೆ ವಿದ್ಯುತ್ ಬಿಲ್ಲಿಗೆ ಉಳಿಯುವುದು ಅಲ್ಪ. ಊಟದ ಲೆಕ್ಕ ಬೇರೆ. ಬಾಡಿಗೆಗೆ ಮಿತಿ ಇರುವುದು ನ್ಯಾಯವೇ. ಕೊರತೆಯನ್ನು ಯಾರಾದರೂ ತುಂಬಲೇಬೇಕು ಎಂಬುದೂ ಅಷ್ಟೇ ನಿಜ.

ಆಪತ್ಕಾಲದ ಆಶ್ರಯದ ಸ್ಥಿತಿ ಇನ್ನೂ ಕಠಿಣ. 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಮಹಿಳೆಗೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು, ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಇತ್ಯರ್ಥಗೊಳಿಸಲು ಯತ್ನಿಸಬೇಕು ಎನ್ನುತ್ತದೆ ಕಾಯಿದೆ. ಎಲ್ಲವೂ ಕಾಯಿದೆ ಹೇಳಿದಂತೆಯೇ ನಡೆದರೂ ಎರಡು ತಿಂಗಳು ಆಕೆ ಮತ್ತು ಮಕ್ಕಳು ಎಲ್ಲಿರಬೇಕು? ಸ್ವಯಂಸೇವಾ ಸಂಸ್ಥೆಗಳ ಮೂಲಕ 2000-01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸಾಂತ್ವನ ಕೇಂದ್ರಗಳು, ನಂತರದ ಸ್ವಾಧಾರ, ಇಂದಿನ ಶಕ್ತಿ ಸದನಗಳು ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಇಂತಹ ಕಡೆ ಸಮಾಲೋಚಕಿಯ ವೇತನ, ಮಕ್ಕಳ ಹಾಲು, ನ್ಯಾಯಾಲಯಕ್ಕೆ ಹೋಗಿಬರುವ ಬಸ್ ಚಾರ್ಜು ದಿನದಿನದ ಖರ್ಚುಗಳು. ಅನುದಾನ ಬರುವುದು ಕಂತಿನಲ್ಲಿ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೆ. ಕಟ್ಟಡದ ಮಾಲೀಕರು ಬಾಡಿಗೆ ಕೇಳುವುದು ಪ್ರತಿ ತಿಂಗಳು.

ಅನುದಾನ ಮಾರ್ಚ್ ಕೊನೆಯ ವಾರದಲ್ಲಿ ಬಂದರಂತೂ ಹೊಸ ಸಂಕಟ. ಧರ್ಮಾರ್ಥ ಸಂಸ್ಥೆಗಳು ವರ್ಷದ ಆದಾಯದ ಶೇ. 85ನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕೆಂಬುದು ಆದಾಯ ತೆರಿಗೆಯ ನಿಯಮ. ನಾಲ್ಕು ದಿನದಲ್ಲಿ ಖರ್ಚು ಮಾಡಲಾಗದ ಹಣಕ್ಕೆ, ಮುಂದಿನ ವರ್ಷ ಬಳಸುವುದಾಗಿ ನಿಗದಿತ ನಮೂನೆಯಲ್ಲಿ ಗಡುವಿನೊಳಗೆ ತಿಳಿಸಬೇಕು. ಹನ್ನೊಂದು ತಿಂಗಳು ಹಣವಿಲ್ಲದೆ ನರಳಿದ ಸಂಸ್ಥೆ ಹನ್ನೆರಡನೆಯ ತಿಂಗಳಲ್ಲಿ ಹಣ ಉಳಿಸಿಕೊಂಡ ಕಾರಣಕ್ಕೆ ವಿವರಣೆ ಬರೆದುಕೊಡಬೇಕಾಗುತ್ತದೆ.

ವರ್ತಕರು ಗಮನಿಸಬೇಕಾದ್ದು

ಕಂಪನಿ ಕಾಯಿದೆಯ 135ನೇ ಕಲಮಿನ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಏಳನೇ ಅನುಸೂಚಿಯಲ್ಲಿ ಮಹಿಳೆಯರ ನಿವಾಸ ಮತ್ತು ವಸತಿ ನಿಲಯಗಳ ಸ್ಥಾಪನೆ ಸ್ಪಷ್ಟವಾಗಿ ಸೇರಿದೆ. ಆದರೆ ಆ ಹೊಣೆ ರೂ. 500 ಕೋಟಿ ನಿವ್ವಳ ಮೌಲ್ಯ, ರೂ. 1,000 ಕೋಟಿ ವಹಿವಾಟು ಅಥವಾ ರೂ. 5 ಕೋಟಿ ನಿವ್ವಳ ಲಾಭ ಎಂಬ ಮಟ್ಟದ ಕಂಪನಿಗಳಿಗೆ ಮಾತ್ರ. ಕೊಬ್ಬರಿ ವಹಿವಾಟಿನ ಬಹುಪಾಲು ಅಂಗಡಿಗಳು ಏಕವ್ಯಕ್ತಿ ಮಾಲೀಕತ್ವದವು ಇಲ್ಲವೇ ಪಾಲುದಾರಿಕೆಯವು. ಕಾಯಿದೆ ಅವುಗಳನ್ನು ಮುಟ್ಟುವುದಿಲ್ಲ. ಮುಟ್ಟುವಷ್ಟು ದೊಡ್ಡ ಕಂಪನಿಯನ್ನು ಸಂಘಟನೆ ಸಮೀಪಿಸುವುದಾದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಅನುಷ್ಠಾನ ಸಂಸ್ಥೆಯಾಗಿ ಮೊದಲು ನೋಂದಾಯಿಸಿಕೊಂಡಿರಬೇಕು.

ಬಿಡಿ ವರ್ತಕರ ದೇಣಿಗೆಗೆ 80ಜಿ ಎಂದು ಪರಿಚಿತವಾಗಿರುವ ರಿಯಾಯಿತಿ ಇದೆ. ರೂ. 2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಅದು ದೊರೆಯದು, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ದೊರೆಯದು. ಸಂಸ್ಥೆ ತನ್ನ ದೇಣಿಗೆದಾರರ ವಿವರವನ್ನು ಇಲಾಖೆಗೆ ಸಲ್ಲಿಸದಿದ್ದರೆ ರಸೀದಿ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಇನ್ನೊಂದು ಎಚ್ಚರಿಕೆ: ಗೌರವದ ಭಾವನೆಯಿಂದ ಹಲವರು ಚೆಕ್ಕಿನ ಜೊತೆಯ ಪತ್ರದಲ್ಲಿ ‘ಮೂಲನಿಧಿಗೆ’ ಎಂದು ಬರೆಯುತ್ತಾರೆ. ಹಾಗೆ ಬರೆದ ಹಣವನ್ನು ನಿಗದಿತ ಹೂಡಿಕೆಗಳಲ್ಲೇ ಇಡಬೇಕಾಗುತ್ತದೆ. ಬ್ಯಾಂಕಿನ ಬಡ್ಡಿಯಷ್ಟೇ ಸಂಸ್ಥೆಯ ಖರ್ಚಿಗೆ ಒದಗುತ್ತದೆ. ಬಾಡಿಗೆ ಕಟ್ಟಲೆಂದು ಕೊಡುವವರು ಹಾಗೆಂದೇ ಬರೆಯುವುದು ಒಳ್ಳೆಯದು.

ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ. ಕೋಣೆಯ ಬಾಗಿಲ ಮೇಲೆ ಹೆಸರಿನ ಕಲ್ಲು ಕೂರುತ್ತದೆ. ಮೇಲ್ವಿಚಾರಕಿಯ ಸಂಬಳದ ಮೇಲೆ ಕಲ್ಲು ಕೂರಿಸಲು ಬರುವುದಿಲ್ಲವಾಗಿ ಅದಕ್ಕೆ ದಾನಿಗಳು ವಿರಳ. ಹತ್ತು ಅಂಗಡಿಗಳು ಸೇರಿ ಪ್ರತಿ ತಿಂಗಳ 5ರೊಳಗೆ ತಲಾ ರೂ. 2,000ವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ವರ್ಷಕ್ಕೆ ಆಗುವುದು ರೂ. 2,40,000. ಮೊತ್ತ ದೊಡ್ಡದಲ್ಲ. ಆದರೆ ತಾರೀಖು ತಪ್ಪದ ಹಣವಾದ್ದರಿಂದ ಅನುದಾನದ ಕಂತು ತಡವಾದ ತಿಂಗಳಲ್ಲೂ ನಿಲಯದ ಬಾಗಿಲು ತೆರೆದೇ ಇರುತ್ತದೆ.

ಸ್ವಂತ ಮನೆ ಕಟ್ಟಿಕೊಳ್ಳುತ್ತಿರುವವರ ವಿಷಯದಲ್ಲಿ ಸಂಘಟನೆಗಳು ನೋಡಿಕೊಳ್ಳಬೇಕಾದ ಸಣ್ಣ ಸಂಗತಿಯೊಂದಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ನಕ್ಷೆಯಲ್ಲಿ ಅಡುಗೆಗೆ ಜಾಗವಿರುತ್ತದೆ, ಕಾಯಿಗೆ ಇರುವುದಿಲ್ಲ. ಅಟ್ಟ ಬೇಕೆಂಬ ಮಾತನ್ನು ಗೋಡೆ ಲಿಂಟಲಿಗೆ ಬಂದಾಗಲೇ ಮೇಸ್ತ್ರಿಗೆ ಹೇಳಬೇಕು. ಛಾವಣಿ ಹಾಕಿದ ಮೇಲೆ ಅದಕ್ಕಾಗಿ ಗೋಡೆ ಒಡೆಯುವುದು ಬೇರೆಯೇ ಖರ್ಚು, ಮತ್ತು ಆ ಖರ್ಚಿಗೆ ಯಾವ ಕಂತೂ ಇಲ್ಲ.